ಎರಡು ಉತ್ತರ ಇರುವ ಲೆಕ್ಕಕ್ಕೆ ಎಚ್‌ಪಿ 12ಸಿ: ದಿನವೂ ಬಳಸುವವಳ ವಿಮರ್ಶೆ

ಎಚ್‌ಪಿ 12ಸಿ ಎಂಬ ಹಣಕಾಸು ಕ್ಯಾಲ್ಕ್ಯುಲೇಟರ್ ತಗೊಳ್ಳಬೇಕಾ ಬೇಡವಾ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಅದರ ‘ಎರರ್ 3’ ಬಗ್ಗೆ. ಬೇರೆಯವರು ಅದರ ಗಟ್ಟಿ ಕೀಲಿಗಳನ್ನು, ವರ್ಷಗಟ್ಟಲೆ ಬರುವ ಸೆಲ್ಲನ್ನು ಹೊಗಳುತ್ತಾರೆ. ಅವೂ ನಿಜವೇ. ಆದರೆ ಒಂದೇ ಲೆಕ್ಕಕ್ಕೆ ಎರಡು ಐಆರ್‌ಆರ್ (ಹೂಡಿದ ಹಣ ತರುವ ಬಡ್ಡಿ ದರ) ಇರಬಹುದಾದ ಕಡೆ, ಸುಮ್ಮನೆ ಒಂದನ್ನು ತೋರಿಸಿ ಮುಗಿಸದೆ ನಿಂತು ನಮ್ಮನ್ನು ಕೇಳುವ ಯಂತ್ರ ಇದು. ನನ್ನ ಮಟ್ಟಿಗೆ ಇದನ್ನು ಕೊಳ್ಳಲು ಅಷ್ಟೇ ಕಾರಣ ಸಾಕು.

ತುಮಕೂರಿನಲ್ಲಿ ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವುದು ನನ್ನ ಕೆಲಸ. ಕ್ರಷರ್, ಕೋಳಿ ಫಾರಂ, ತೆಂಗಿನ ನಾರಿನ ಘಟಕ, ಹೀಗೆ. ಮ್ಯಾನೇಜರ್ ಮೇಜಿನ ಎದುರು ಕೂತಾಗ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂರುವುದಕ್ಕಿಂತ ಚೀಲದಿಂದ ಇದನ್ನು ತೆಗೆದು ಒತ್ತುವುದು ನನಗೆ ಸಲೀಸು.

12ಸಿ ಮಾರುಕಟ್ಟೆಗೆ ಬಂದದ್ದು 1981ರಲ್ಲಿ. ಅಡ್ಡಕ್ಕೆ ಉದ್ದ, ಎತ್ತರಕ್ಕೆ ಗಿಡ್ಡ, ಮುಖದ ಮೇಲೆ ಚಿನ್ನದ ಬಣ್ಣದ ಪಟ್ಟಿ. ಒಂದೊಂದು ಕೀಲಿಗೂ ಎರಡು ಮೂರು ಕೆಲಸ: ‘ಎಫ್’ ಒತ್ತಿದರೆ ಮೇಲೆ ಬರೆದದ್ದು, ನೀಲಿ ‘ಜಿ’ ಒತ್ತಿದರೆ ಕೀಲಿಯ ಕೆಳಗಂಚಿನಲ್ಲಿ ಬರೆದದ್ದು. ಸಮ ಚಿಹ್ನೆಯ ಕೀಲಿಯೇ ಇಲ್ಲ. ಎರಡು ಅಂಕಿಗಳನ್ನು ಮೊದಲು ಕೊಟ್ಟು, ಕೂಡಬೇಕೋ ಕಳೆಯಬೇಕೋ ಎಂಬುದನ್ನು ಆಮೇಲೆ ಹೇಳಬೇಕು. ಹೊಸಬರಿಗೆ ಒಂದಷ್ಟು ದಿನ ಕಿರಿಕಿರಿ ಆಗುತ್ತದೆ. ಕೈಗೆ ಕೂತ ಮೇಲೆ ಮಾಮೂಲಿ ಕ್ಯಾಲ್ಕ್ಯುಲೇಟರ್ ಬೇಡ ಅನ್ನಿಸುತ್ತದೆ. ಇದರ ಬಗ್ಗೆ ಇಷ್ಟು ಸಾಕು.

ಐಆರ್‌ಆರ್ ಅಂದರೆ, ಹಾಕಿದ ಹಣ ಮತ್ತು ಬಂದ ಹಣ ಎರಡನ್ನೂ ಇವತ್ತಿನ ಬೆಲೆಗೆ ಇಳಿಸಿದಾಗ ಸರಿಸಮ ಆಗುವ ಬಡ್ಡಿ ದರ. ಆ ದರದಲ್ಲಿ ಎನ್‌ಪಿವಿ, ಅಂದರೆ ಹೀಗೆ ಇಳಿಸಿದ ಮೇಲೆ ಬಂದದ್ದರಲ್ಲಿ ಹೋದದ್ದು ಕಳೆದು ಉಳಿಯುವ ಮೊತ್ತ, ಸೊನ್ನೆ. ಮೊದಲು ಹಣ ಹಾಕಿ, ಆಮೇಲೆ ಬರೀ ಹಣ ಬರುತ್ತಾ ಹೋದರೆ ಚಿಹ್ನೆ ಒಂದೇ ಸಲ ಬದಲಾಗುತ್ತದೆ: ಕಳೆಯಿಂದ (ಹೋದ ಹಣ) ಕೂಡಿಗೆ (ಬಂದ ಹಣ). ಆಗ ದರ ಒಂದೇ. ಆದರೆ ನಡುವೆ ಹಣ ಬಂದು ಕೊನೆಗೆ ಮತ್ತೆ ಕೈಯಿಂದ ಹಾಕಬೇಕಾದರೆ ಚಿಹ್ನೆ ಎರಡು ಸಲ ಬದಲಾಗುತ್ತದೆ. ಆಗ ಒಂದಲ್ಲ, ಎರಡು ದರಗಳು ಇರಬಹುದು. ಒಂದೂ ಇಲ್ಲದೆಯೂ ಇರಬಹುದು. ಸಮೀಕರಣದಲ್ಲಿ ಚಿಹ್ನೆ ಎಷ್ಟು ಸಲ ಬದಲಾಗುತ್ತದೋ ಅದಕ್ಕಿಂತ ಹೆಚ್ಚು ಧನ ಮೂಲಗಳು, ಅಂದರೆ ಸೊನ್ನೆಗಿಂತ ಮೇಲಿನ ಉತ್ತರಗಳು, ಇರಲಾರವು ಎಂದು ಫ್ರೆಂಚ್ ಗಣಿತಜ್ಞ ದೇಕಾರ್ತ್ 1637ರಲ್ಲೇ ಹೇಳಿದ್ದ. ಅವನು ಹೇಳಿದ್ದು ಮಿತಿಯನ್ನು ಮಾತ್ರ. ನಿಜಕ್ಕೂ ಎಷ್ಟಿವೆ ಎಂಬುದನ್ನು ನಾವೇ ನೋಡಿಕೊಳ್ಳಬೇಕು.

ಯಾವುದೇ ಯಂತ್ರ ಕೈಗೆ ಬಂದರೂ ನಾನು ಪರೀಕ್ಷೆ ಮಾಡುವುದು ಒಂದು ಹಳೆಯ ಲೆಕ್ಕದಿಂದ. ಷಿಕಾಗೊ ವಿಶ್ವವಿದ್ಯಾಲಯದ ಜೇಮ್ಸ್ ಲೋರಿ ಮತ್ತು ಲಿಯೊನಾರ್ಡ್ ಸ್ಯಾವೇಜ್ 1955ರಲ್ಲಿ ಕೊಟ್ಟ ಎಣ್ಣೆ ಬಾವಿಯ ಪಂಪಿನ ಲೆಕ್ಕ ಅದು. ಬಾವಿಯಲ್ಲಿರುವ ಎಣ್ಣೆಗೆ 10,000 ಡಾಲರ್ ಬರುತ್ತದೆ, ಈಗಿರುವ ಪಂಪಿನಲ್ಲಿ ಎತ್ತಿದರೆ ಎರಡನೇ ವರ್ಷದ ಕೊನೆಗೆ. 1,600 ಡಾಲರ್ ಹಾಕಿ ದೊಡ್ಡ ಪಂಪು ಕೂರಿಸಿದರೆ ಅದೇ 10,000 ಮೊದಲ ವರ್ಷದ ಕೊನೆಗೇ ಕೈಗೆ ಬರುತ್ತದೆ. ದೊಡ್ಡ ಪಂಪಿನಿಂದ ಆಗುವ ವ್ಯತ್ಯಾಸವನ್ನಷ್ಟೇ ಬರೆದರೆ: ಈಗ 1,600 ಹೋಯಿತು, ಮೊದಲ ವರ್ಷ 10,000 ಬಂತು, ಎರಡನೇ ವರ್ಷ ಬರಬೇಕಿದ್ದ 10,000 ಬರಲಿಲ್ಲ.

12ಸಿಯಲ್ಲಿ ಹೀಗೆ ಒತ್ತಬೇಕು. ಮೊದಲು ‘ಎಫ್ ರೆಗ್’ ಒತ್ತಿ ಹಳೆಯದನ್ನು ಅಳಿಸಿ. 1600 ಬರೆದು ‘ಸಿಎಚ್‌ಎಸ್’ ಒತ್ತಿದರೆ ಅದು ಕಳೆ ಆಗುತ್ತದೆ, ಆಮೇಲೆ ‘ಜಿ ಸಿಎಫ್‌ಒ’. 10000 ಬರೆದು ‘ಜಿ ಸಿಎಫ್‌ಜೆ’. ಮತ್ತೆ 10000, ‘ಸಿಎಚ್‌ಎಸ್’, ‘ಜಿ ಸಿಎಫ್‌ಜೆ’. ಕೊನೆಗೆ ‘ಎಫ್ ಐಆರ್‌ಆರ್’. ಪರದೆಯಲ್ಲಿ ‘ರನ್ನಿಂಗ್’ ಎಂದು ಮಿಣುಕುತ್ತದೆ. ಆಮೇಲೆ ಎರರ್ 3.

ಈ ಎರರ್ ಏನು ಹೇಳುತ್ತಿದೆ ಎಂಬುದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಇದೆ: ಲೆಕ್ಕ ಜಟಿಲವಾಗಿದೆ, ಒಂದಕ್ಕಿಂತ ಹೆಚ್ಚು ಉತ್ತರ ಇರಬಹುದು, ದರ ಎಷ್ಟಿರಬಹುದು ಎಂಬ ಅಂದಾಜನ್ನು ನೀವು ಕೊಡದೆ ಮುಂದೆ ಹೋಗಲಾಗದು. ಅದೇ ಕೈಪಿಡಿಯ ಇನ್ನೊಂದು ಮಾತು ನನಗೆ ಇದಕ್ಕಿಂತ ಮುಖ್ಯ. ಯಂತ್ರ ಎರರ್ ತೋರಿಸದೆ ತಾನಾಗಿ ಒಂದು ಧನ ದರ ಕೊಟ್ಟರೆ, ಇರುವ ಧನ ಉತ್ತರ ಅದೊಂದೇ. ಋಣ ದರಗಳು, ಅಂದರೆ ಸೊನ್ನೆಗಿಂತ ಕೆಳಗಿನವು, ಬೇರೆ ಇರಬಹುದು, ಆದರೆ ಧನ ದರ ಇನ್ನೊಂದು ಇಲ್ಲ. ಅಂದರೆ ಉತ್ತರ ಬಂದರೂ ಒಂದು ಭರವಸೆ, ಬರದಿದ್ದರೂ ಒಂದು ಎಚ್ಚರಿಕೆ. ಸಾಲದ ಕಾಗದಕ್ಕೆ ಸಹಿ ಹಾಕುವವರ ಮುಂದೆ ಕೂತಾಗ ಈ ಭರವಸೆಗೆ ಎಷ್ಟು ಬೆಲೆ ಎಂಬುದು ಈ ಕೆಲಸ ಮಾಡುವವರಿಗೆ ಗೊತ್ತು.

ಅಂದಾಜು ಕೊಡುವ ಕ್ರಮ ಹೀಗೆ: 20 ಎಂದು ಬರೆದು ‘ಆರ್‌ಸಿಎಲ್’, ‘ಜಿ’, ‘ಆರ್/ಎಸ್’ ಒತ್ತಿದರೆ 25 ಬರುತ್ತದೆ. 300 ಎಂದು ಬರೆದು ಅದನ್ನೇ ಒತ್ತಿದರೆ 400. ಎರಡೂ ಸರಿಯಾದ ಉತ್ತರಗಳೇ. ಶೇಕಡಾ 25ಕ್ಕೂ ಎನ್‌ಪಿವಿ ಸೊನ್ನೆ, ಶೇಕಡಾ 400ಕ್ಕೂ ಸೊನ್ನೆ.

ಹಾಗಾದರೆ ಪಂಪು ಹಾಕಿಸಬೇಕಾ, ಬೇಡವಾ? ಇಲ್ಲಿ ದರ ಬಿಟ್ಟು ಎನ್‌ಪಿವಿಗೆ ಹೋಗಬೇಕು. ‘10 ಐ, ಎಫ್ ಎನ್‌ಪಿವಿ’ ಒತ್ತಿದರೆ 773.55 ನಷ್ಟ. 30ಕ್ಕೆ 175.15 ಲಾಭ. 100ಕ್ಕೆ 900 ಲಾಭ. ಮೊದಲ ನೋಟಕ್ಕೆ ಇದು ವಿಚಿತ್ರ. ನಮ್ಮ ಹಣದ ಬೆಲೆ ಶೇಕಡಾ 10 ಇದೆ, ಐಆರ್‌ಆರ್ 25 ಬಂದಿದೆ, ಆದರೂ ಯೋಜನೆ ನಷ್ಟ. ಕಾರಣ ಮಾತ್ರ ಸರಳ. ದೊಡ್ಡ ಪಂಪಿನಿಂದ ಎಣ್ಣೆ ಜಾಸ್ತಿ ಬರುವುದಿಲ್ಲ. 10,000 ಒಂದು ವರ್ಷ ಮುಂಚೆ ಬರುತ್ತದೆ, ಅಷ್ಟೇ. ಆ ಒಂದು ವರ್ಷ ಅದನ್ನು ಬಡ್ಡಿಗೆ ಬಿಟ್ಟರೆ ಶೇಕಡಾ 10ರಂತೆ ಸಿಗುವುದು 1,000. ಇವತ್ತು 1,600 ಕೊಟ್ಟು ಎರಡು ವರ್ಷದ ಮೇಲೆ 1,000 ಪಡೆಯುವ ವ್ಯವಹಾರ ಯಾರು ಮಾಡುತ್ತಾರೆ? ಬಡ್ಡಿ ಶೇಕಡಾ 25 ಆದಾಗ 10,000ಕ್ಕೆ 2,500 ಸಿಗುತ್ತದೆ, 1,600 ಕೂಡ ಎರಡು ವರ್ಷಕ್ಕೆ ಬೆಳೆದು ಸರಿಯಾಗಿ 2,500 ಆಗುತ್ತದೆ. 400 ಆದಾಗ ಎರಡೂ 40,000. ನಡುವಿನ ದರಗಳಲ್ಲಿ ಪಂಪು ಲಾಭ, ಅದರಾಚೆ ಎರಡೂ ಕಡೆ ನಷ್ಟ. ಇಷ್ಟನ್ನು ಬಾಯಲ್ಲೇ ಹೇಳಬಹುದು. ಆದರೆ ಹೇಳುವ ಸಂದರ್ಭ ಬರಬೇಕಾದರೆ ಎರಡು ದರ ಇದೆ ಎಂಬ ಸುಳಿವು ಮೊದಲು ಸಿಗಬೇಕಲ್ಲ!

ಸ್ಪ್ರೆಡ್‌ಶೀಟಿನಲ್ಲಿ ಇದೇ ಮೂರು ಅಂಕಿ ಹಾಕಿ ಐಆರ್‌ಆರ್ ಸೂತ್ರ ಕೊಟ್ಟರೆ ಶೇಕಡಾ 25 ಬರುತ್ತದೆ. ಅಂದಾಜು ಕೊಡದಿದ್ದರೆ ಸೂತ್ರ ತಾನೇ ಶೇಕಡಾ 10ರಿಂದ ಹುಡುಕಲು ಶುರು ಮಾಡಿ, ಹತ್ತಿರ ಸಿಕ್ಕಿದ್ದನ್ನು ಕೊಡುತ್ತದೆ. ಅಂದಾಜಿನ ಜಾಗದಲ್ಲಿ 3, ಅಂದರೆ ಶೇಕಡಾ 300, ಬರೆದರೆ 400 ಕೊಡುತ್ತದೆ. ಎರಡು ಇದೆ ಎಂದು ಮಾತ್ರ ಎಲ್ಲೂ ಹೇಳುವುದಿಲ್ಲ. ಸ್ಪ್ರೆಡ್‌ಶೀಟ್ ಬಿಡಿ ಎನ್ನುತ್ತಿಲ್ಲ, ನನ್ನ ರಿಪೋರ್ಟುಗಳೆಲ್ಲ ಅದರಲ್ಲೇ ತಯಾರಾಗುವುದು. ಚಿಹ್ನೆ ಎರಡು ಸಲ ಬದಲಾಗುವ ಲೆಕ್ಕವನ್ನು ಮಾತ್ರ 12ಸಿಯಲ್ಲಿ ಒಮ್ಮೆ ಒತ್ತಿ ನೋಡದೆ ಕಳಿಸುವುದಿಲ್ಲ. ಸಿಎಫ್‌ಎ ಎಂಬ ಹಣಕಾಸು ವಿಶ್ಲೇಷಕರ ಪರೀಕ್ಷೆಗೆ 12ಸಿಯ ಜೊತೆ ಅನುಮತಿ ಇರುವ ಇನ್ನೊಂದು ಕ್ಯಾಲ್ಕ್ಯುಲೇಟರ್ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಬಿಎ 2 ಪ್ಲಸ್. ಅದರದು ಬೇರೆ ದಾರಿ: ಹಲವು ಉತ್ತರ ಇದ್ದರೆ ಸೊನ್ನೆಗೆ ಹತ್ತಿರದ್ದನ್ನು ತೋರಿಸುತ್ತದೆ, ಅಂಥ ಉತ್ತರವನ್ನು ನಂಬಿ ಹಣ ಹೂಡುವ ಮುನ್ನ ಎಚ್ಚರ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಕೈಪಿಡಿ ಓದಿದವರಿಗೆ ತೊಂದರೆಯಿಲ್ಲ. ಓದದವರನ್ನೂ ತಡೆದು ನಿಲ್ಲಿಸುವುದು 12ಸಿ.

ಈಗ ನಮ್ಮ ಕಡೆಯ ಲೆಕ್ಕಗಳಿಗೆ ಬರೋಣ. ಕಲ್ಲು ಕ್ವಾರಿಯವರು ಬಂದರೆ ಕೊನೆಯ ವರ್ಷದ ಖರ್ಚನ್ನು ಬರೆಸಲೇಬೇಕು. ಗುಂಡಿ ಮುಚ್ಚುವುದು, ಬೇಲಿ, ಗಿಡ ನೆಡುವುದು. ಉದಾಹರಣೆಗೆ 60 ಲಕ್ಷ ಹಾಕಿ, ಐದು ವರ್ಷ 22 ಲಕ್ಷದಂತೆ ಬಂದು, ಆರನೇ ವರ್ಷ 12 ಲಕ್ಷ ಖರ್ಚು ಅನ್ನಿ. ಚಿಹ್ನೆ ಎರಡು ಸಲ ಬದಲಾಯಿತು. ಆದರೆ 12ಸಿ ಇಲ್ಲಿ ನೇರವಾಗಿ ಸುಮಾರು 21.5 ಎಂದು ಕೊಡುತ್ತದೆ. ಹೆದರಬೇಕಿಲ್ಲ, ಇದು ಸರಿ. ಯಾಕೆಂದರೆ ಬಡ್ಡಿ ಏನೂ ಹಾಕದೆ ಸುಮ್ಮನೆ ಕೂಡಿ ಕಳೆದರೂ 38 ಲಕ್ಷ ಉಳಿಯುತ್ತದೆ. ಕಳೆ, ಕೂಡಿ, ಕಳೆ ಎಂಬ ಆಕಾರದಲ್ಲಿ ಒಟ್ಟು ಮೊತ್ತ ಲಾಭದಲ್ಲಿದ್ದರೆ ಧನ ದರ ಒಂದೇ ಇರುತ್ತದೆ, ಎರಡನೆಯದು ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಒಟ್ಟು ಮೊತ್ತವೇ ನಷ್ಟದಲ್ಲಿದ್ದರೆ ಮಾತ್ರ ಎರಡು ಧನ ದರ, ಇಲ್ಲವೇ ಒಂದೂ ಇಲ್ಲ. ಪಂಪಿನ ಲೆಕ್ಕವನ್ನು ಕೂಡಿ ನೋಡಿ: 1,600 ನಷ್ಟ. ಈ ಒಂದು ಕೂಡಿಕೆಯನ್ನು ಕಾಗದದ ಅಂಚಿನಲ್ಲಿ ಮಾಡಿಟ್ಟುಕೊಂಡರೆ ಯಂತ್ರ ಏನು ಹೇಳಲಿದೆ ಎಂಬುದು ಮೊದಲೇ ಗೊತ್ತಾಗುತ್ತದೆ.

ಹಾಗಾದರೆ ಒಟ್ಟು ಮೊತ್ತ ನಷ್ಟದಲ್ಲಿದ್ದೂ ಜನ ಖುಷಿಯಿಂದ ಸೇರುವ ವ್ಯವಹಾರ ಯಾವುದಿದೆ? ಚೀಟಿ! ಕಂತು ಕಟ್ಟುತ್ತಾ ಹೋಗಿ, ನಡುವೆ ಒಂದು ತಿಂಗಳು ಎತ್ತಿ, ಆಮೇಲೆ ಮತ್ತೆ ಕೊನೆತನಕ ಕಟ್ಟುವುದು. ಕಳೆ, ಕೂಡಿ, ಕಳೆ. ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವವರೊಬ್ಬರು ಹೊಲಿಗೆ ಮೆಷಿನ್ ತರಲು ಚೀಟಿ ಎತ್ತುವ ಮುಂಚೆ ಬಂದು ಕೇಳಿದರು: “ಅಕ್ಕಾ, ಐದನೇ ತಿಂಗಳಿಗೆ ಎತ್ತಿದ್ರೆ ಬಡ್ಡಿ ಎಷ್ಟು ಬಿದ್ದಂಗಾಯ್ತು? ಲೆಕ್ಕ ಹಾಕಿ ಹೇಳಿ.” ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಬ್ಯಾಂಕಿನಲ್ಲೂ ಯಾರೂ ಕೇಳಿಲ್ಲ.

ಲೆಕ್ಕ ಸುಲಭ ಆಗಲೆಂದು ಒಂದು ಲಕ್ಷದ, 20 ಜನರ, 20 ತಿಂಗಳ ಚೀಟಿ ಇಟ್ಟುಕೊಳ್ಳೋಣ. ತಿಂಗಳಿಗೆ 5,000. ಪ್ರತಿ ತಿಂಗಳೂ 15,000 ಬಿಟ್ಟು ಕೂಗುತ್ತಾರೆ ಅನ್ನಿ. ನಿಜದಲ್ಲಿ ಮೊದಲ ತಿಂಗಳುಗಳಲ್ಲಿ ಕೂಗು ಜೋರು, ಕೊನೆಗೆ ತಣ್ಣಗೆ. ಆದರೆ ವಿಷಯ ತಿಳಿಯಲು ಇಷ್ಟು ಸಾಕು. ಬಿಟ್ಟ 15,000ದಲ್ಲಿ ಚೀಟಿ ನಡೆಸುವವರ ಕಮಿಷನ್ ಶೇಕಡಾ 5ರಂತೆ 5,000. ಕಾನೂನಿನಲ್ಲಿ ಇದರ ಮಿತಿ ಮೊದಲು 5 ಇತ್ತು, 2019ರ ತಿದ್ದುಪಡಿಯಲ್ಲಿ 7ಕ್ಕೆ ಏರಿತು. ಉಳಿದ 10,000 ಇಪ್ಪತ್ತು ಜನಕ್ಕೆ 500ರಂತೆ ಡಿವಿಡೆಂಡ್. ಹೀಗಾಗಿ ಎಲ್ಲರೂ ಕಟ್ಟುವುದು 4,500, ಎತ್ತಿದವರ ಕೈಗೆ ಬರುವುದು 85,000. ಇಪ್ಪತ್ತು ತಿಂಗಳಲ್ಲಿ ಕಟ್ಟಿದ್ದು 90,000, ಸಿಕ್ಕಿದ್ದು 85,000. ಒಟ್ಟು 5,000 ನಷ್ಟ. ಕೂಡಿ ನೋಡಿದಾಗಲೇ ಗೊತ್ತಾಯಿತು, ಇಲ್ಲಿ ಎರಡು ದರ ಇರಬಹುದು.

ಐದನೇ ತಿಂಗಳಿಗೆ ಎತ್ತಿದವರ ಲೆಕ್ಕವನ್ನು ಒತ್ತುವುದರಲ್ಲಿ 12ಸಿಯ ಇನ್ನೊಂದು ಅನುಕೂಲ ಕಾಣುತ್ತದೆ. ಒಂದೇ ಮೊತ್ತ ಮತ್ತೆ ಮತ್ತೆ ಬಂದರೆ ಒಂದು ಸಲ ಬರೆದು ‘ಜಿ ಎನ್‌ಜೆ’ಯಲ್ಲಿ ಎಷ್ಟು ಸಲ ಎಂದು ಹೇಳಿದರೆ ಆಯಿತು, 99ರವರೆಗೆ. ಮೊದಲ ಕಂತು 4,500 ಕಳೆ ‘ಸಿಎಫ್‌ಒ’ಗೆ. ಮತ್ತೆ 4,500 ಕಳೆ, 3 ಸಲ. ಐದನೇ ತಿಂಗಳು ಬಂದ 85,000ದಲ್ಲಿ ಆ ತಿಂಗಳ ಕಂತು ಹೋಗಿ 80,500 ಕೂಡಿ. ಆಮೇಲೆ 4,500 ಕಳೆ, 15 ಸಲ. ನಾಲ್ಕೇ ಸಾಲಿನಲ್ಲಿ ಇಪ್ಪತ್ತು ತಿಂಗಳು ಮುಗಿಯಿತು.

1 ಎಂದು ಅಂದಾಜು ಕೊಟ್ಟರೆ ಬರುವುದು ತಿಂಗಳಿಗೆ ಶೇಕಡಾ 1.08. ಅಂದರೆ ವರ್ಷಕ್ಕೆ ಹದಿಮೂರರ ಆಸುಪಾಸು. ಇನ್ನೊಂದು ದರವೂ ಇದೆ: ತಿಂಗಳಿಗೆ ಶೇಕಡಾ 65ಕ್ಕೂ ಸ್ವಲ್ಪ ಮೇಲೆ. ಅದು ಎಲ್ಲಿಂದ ಬಂತು ಎಂದರೆ, ಅಷ್ಟು ಬಡ್ಡಿಯಲ್ಲಿ ಮೊದಲ ನಾಲ್ಕು ಕಂತುಗಳೇ ಬೆಳೆದು ಐದನೇ ತಿಂಗಳ ಹೊತ್ತಿಗೆ 73,000 ದಾಟುತ್ತವೆ. ಆ ದರದಲ್ಲಿ ಈಕೆ ಸಾಲ ಪಡೆದವರಲ್ಲ, ಮುಂಚಿತವಾಗಿ ಹಣ ಕೂಡಿಟ್ಟವರು. ಚೀಟಿ ಎಂಬುದು ಅರ್ಧ ಉಳಿತಾಯ, ಅರ್ಧ ಸಾಲ. ಎರಡು ದರ ಹುಟ್ಟುವುದು ಆ ಎರಡು ಅರ್ಧಗಳಿಂದಲೇ. 65 ಎಂಬುದು ಯಾವ ಲೋಕದ ಬಡ್ಡಿಯೂ ಅಲ್ಲ ಅಂತ ಇಲ್ಲಿ ತಕ್ಷಣ ಗೊತ್ತಾಗುತ್ತದೆ, ಆದ್ದರಿಂದ 1.08 ಹಿಡಿಯಬಹುದು. ಆದರೂ ನಾನು ಅಲ್ಲಿಗೇ ನಿಲ್ಲಿಸಲಿಲ್ಲ. “ಮೆಷಿನ್‌ಗೆ ಬೇರೆ ಕಡೆ ಸಾಲ ತಂದಿದ್ರೆ ಬಡ್ಡಿ ಎಷ್ಟಮ್ಮಾ?” ಎಂದು ಕೇಳಿದೆ. ನೂರಕ್ಕೆ ಒಂದೂವರೆ ಎಂದರು. 1.5 ಇಟ್ಟು ಎನ್‌ಪಿವಿ ಒತ್ತಿದರೆ ಸುಮಾರು 1,668 ರೂಪಾಯಿ ಲಾಭ. ನೂರಕ್ಕೆ ಒಂದರಂತೆ ಸಾಲ ಸಿಗುವಂತಿದ್ದರೆ ಸುಮಾರು 334 ರೂಪಾಯಿ ನಷ್ಟ. ಅವರಿಗೆ ಬೇಕಿದ್ದ ಉತ್ತರ ಇದು. ಚೀಟಿ ಎತ್ತಬಹುದು ಎಂದೆ.

“ನಮ್ಮ ನಾದಿನಿ ಹತ್ತನೇ ತಿಂಗಳಿಗೆ ಎತ್ತಬೇಕು ಅಂತಾಳೆ. ಅವಳಿಗೆ?” ಎಂದು ಮತ್ತೆ ಕೇಳಿದರು. ಇಲ್ಲಿ ವಿಷಯ ಇನ್ನೂ ಗಂಭೀರ. ಅದೇ 4,500, ಅದೇ 85,000, ಎತ್ತುವುದು ಮಾತ್ರ ಹತ್ತನೇ ತಿಂಗಳು. ಈ ಲೆಕ್ಕಕ್ಕೆ ಐಆರ್‌ಆರ್ ಇಲ್ಲವೇ ಇಲ್ಲ. ಯಾವ ಅಂದಾಜು ಕೊಟ್ಟರೂ ದರ ಬರುವುದಿಲ್ಲ, ಯಾಕೆಂದರೆ ಯಾವ ಬಡ್ಡಿ ಇಟ್ಟರೂ ಎನ್‌ಪಿವಿ ನಷ್ಟದಲ್ಲೇ ಇರುತ್ತದೆ. ತಿಂಗಳಿಗೆ ಶೇಕಡಾ 1 ಇಟ್ಟರೆ ಸುಮಾರು 4,300 ರೂಪಾಯಿ ನಷ್ಟ. ಅರ್ಧ ಕಾಲ ಉಳಿಸಿ ಅರ್ಧ ಕಾಲ ಸಾಲ ತೀರಿಸಿದ್ದರಲ್ಲಿ ಎರಡೂ ಒಂದಕ್ಕೊಂದು ವಜಾ ಆಗಿ, ಕಮಿಷನ್ ಮಾತ್ರ ಮೈಮೇಲೆ ಉಳಿಯಿತು. ಇಪ್ಪತ್ತನೇ ತಿಂಗಳತನಕ ಕಾದವರದು ಮತ್ತೆ ಸರಳ: ಕೊನೆಗೆ ಕೂಗಿಲ್ಲ (ಮೇಲೆ ಸುಲಭಕ್ಕೆಂದು ಕೊನೆಯ ತಿಂಗಳಿಗೂ 4,500 ಹಿಡಿದಿದ್ದೆ), ಕಮಿಷನ್ ಕಳೆದು 95,000, ಆ ತಿಂಗಳ ಕಂತು ಪೂರಾ 5,000. ಚಿಹ್ನೆ ಒಂದೇ ಸಲ ಬದಲಾಯಿತು, ದರವೂ ಒಂದೇ, ತಿಂಗಳಿಗೆ ಸುಮಾರು 0.51. ಒಂದೇ ಚೀಟಿ, ಎತ್ತುವ ತಿಂಗಳು ಬದಲಾದರೆ ಎರಡು ದರ, ಇಲ್ಲವೇ ದರವೇ ಇಲ್ಲ, ಇಲ್ಲವೇ ಒಂದು ದರ. ಇದನ್ನು ಕಾಲೇಜಿನ ಮಕ್ಕಳಿಗೆ ಎಣ್ಣೆ ಬಾವಿಯ ಬದಲು ಚೀಟಿಯಲ್ಲೇ ಹೇಳಿಕೊಡಬೇಕು ಎಂಬುದು ನನ್ನ ಬಹುದಿನದ ಆಸೆ. ಬಾವಿ ಯಾರೂ ಕಂಡಿಲ್ಲ, ಚೀಟಿ ಮನೆಮನೆಯಲ್ಲೂ ಇದೆ.

ಇನ್ನು ಕೊರತೆಗಳು. ಎಂಐಆರ್‌ಆರ್‌ಗೆ, ಅಂದರೆ ಬಡ್ಡಿ ದರಗಳನ್ನು ನಾವೇ ಕೊಟ್ಟು ಒಂದೇ ಉತ್ತರ ಪಡೆಯುವ ತಿದ್ದಿದ ಐಆರ್‌ಆರ್‌ಗೆ, ಪ್ರತ್ಯೇಕ ಕೀಲಿ ಇಲ್ಲ. ಹಂತಹಂತವಾಗಿ ಮಾಡಬೇಕು. ಪಂಪಿನ ಲೆಕ್ಕವನ್ನೇ ಶೇಕಡಾ 10ಕ್ಕೆ ಮಾಡಿದರೆ: ಹೋದ ಹಣವನ್ನೆಲ್ಲ ಇವತ್ತಿಗೆ ಇಳಿಸಿದಾಗ 9,864.46, ಬಂದ ಹಣವನ್ನು ಎರಡನೇ ವರ್ಷದ ಕೊನೆಗೆ ಏರಿಸಿದಾಗ 11,000. ಇವನ್ನು ‘ಪಿವಿ’, ‘ಎಫ್‌ವಿ’ ಕೀಲಿಗಳಿಗೆ ಕೊಟ್ಟು, ‘ಎನ್’ 2 ಮಾಡಿ ‘ಐ’ ಒತ್ತಿದರೆ 5.60. ಹತ್ತಕ್ಕಿಂತ ಕಡಿಮೆ, ಆದ್ದರಿಂದ ಬೇಡ. ಎನ್‌ಪಿವಿ ಹೇಳಿದ್ದೂ ಇದನ್ನೇ. ಸ್ಪ್ರೆಡ್‌ಶೀಟಿನಲ್ಲಿ ಇದು ಒಂದೇ ಸೂತ್ರದ ಕೆಲಸ, ಆ ಮಟ್ಟಿಗೆ 12ಸಿ ಹಿಂದೆ. ಆದರೆ ಎಂಐಆರ್‌ಆರ್ ಒಂದೇ ಉತ್ತರ ಕೊಡುವುದು ನಾವು ಎರಡು ದರಗಳನ್ನು ಹೊರಗಿನಿಂದ ಕೊಡುವುದರಿಂದ ಎಂಬುದು, ಕೈಯಲ್ಲಿ ಹಂತಹಂತವಾಗಿ ಮಾಡಿದವರಿಗೆ ಚೆನ್ನಾಗಿ ಮನವರಿಕೆ ಆಗುತ್ತದೆ.

ಮೊದಲ ಮೊತ್ತ ಬಿಟ್ಟು ಇಪ್ಪತ್ತು ಸಾಲುಗಳಷ್ಟೇ ಹಿಡಿಯುತ್ತದೆ. ಕೂಗು ತಿಂಗಳು ತಿಂಗಳಿಗೂ ಬದಲಾಗುವ 40 ತಿಂಗಳ ಚೀಟಿಗೆ ಇದು ಸಾಲದು. ಪರದೆಗೆ ಹಿಂಬೆಳಕಿಲ್ಲ, ಕರೆಂಟು ಹೋದಾಗ ಕಷ್ಟ. ಅಲ್ಪವಿರಾಮ ಮೂರು ಮೂರು ಅಂಕಿಗೆ ಬೀಳುತ್ತದೆ, ಲಕ್ಷ ಕೋಟಿಯ ಲೆಕ್ಕದಲ್ಲಿ ಅಲ್ಲ. ಹತ್ತು ಲಕ್ಷ ದಾಟಿದ ಮೊತ್ತ ಓದುವಾಗ ಕಣ್ಣು ಒಂದು ಕ್ಷಣ ತಡವರಿಸುತ್ತದೆ, ಆದ್ದರಿಂದ ದೊಡ್ಡ ಯೋಜನೆಗಳನ್ನು ನಾನು ಲಕ್ಷದಲ್ಲೇ ಒತ್ತುತ್ತೇನೆ: 60, 22, 12. ಬೆಲೆಯೂ ಮಾಮೂಲಿ ಕ್ಯಾಲ್ಕ್ಯುಲೇಟರಿನ ಹಲವು ಪಟ್ಟು. ಬರೀ ಇಎಂಐ, ಬಡ್ಡಿ ನೋಡುವವರಿಗೆ ಇದು ಬೇಡ, ಫೋನ್ ಸಾಕು. ಸಾಲದ ಕಡತ ಮಾಡುವವರು, ಸಿಎಫ್‌ಎಗೆ ಓದುವವರು, ಬಿ.ಕಾಂ. ಪಾಠ ಹೇಳುವವರು ಕೊಳ್ಳಬಹುದು. ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ, ಉಳಿದ ಅರ್ಧ ಎಂಐಆರ್‌ಆರ್ ಕೀಲಿಗೆ.

ಹಳೆಯದು ಸಿಕ್ಕರೆ ಧಾರಾಳವಾಗಿ ಕೊಳ್ಳಿ, ಕೀಲಿಗಳು ಬೇಗ ಸವೆಯುವುದಿಲ್ಲ. ಹಣ ಕೊಡುವ ಮುಂಚೆ ಯಂತ್ರ ಆರಿಸಿ, ‘ಆನ್’ ಒತ್ತಿ ಹಿಡಿದು ಗುಣಾಕಾರದ ಕೀಲಿಯನ್ನೂ ಒತ್ತಿ, ಮೊದಲು ‘ಆನ್’ ಬಿಟ್ಟು ಆಮೇಲೆ ಅದನ್ನು ಬಿಡಿ. ಸ್ವಲ್ಪ ಹೊತ್ತು ‘ರನ್ನಿಂಗ್’ ಎಂದು ಮಿಣುಕಿ ಪರದೆ ತುಂಬ ಎಂಟುಗಳು ಬಂದರೆ ಒಳಗೆಲ್ಲ ಸರಿ ಇದೆ. ಯಾವುದಾದರೂ ಎಂಟಿನ ಒಂದು ಗೆರೆ ಕಾಣದಿದ್ದರೆ ಪರದೆ ಹೋಗಿದೆ ಎಂದರ್ಥ, ವಾಪಸ್ ಕೊಟ್ಟು ಬನ್ನಿ.